ನೊಣದ ನರ ಓದಿದ ಒಬೇದ್ ಸಿದ್ದಿಕಿ

ಕಳೆದ ವರ್ಷ ನನ್ನ ಪಾದಗಳಿಗೆ ಜೋಮು ಹಿಡಿಯತೊಡಗಿತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ನನಗೆ ಹಳೆಯ ನೆಂಟ. ಡಾಕ್ಟರು ನರದ ಪರೀಕ್ಷೆಗೆ ಕಳಿಸಿದರು. ಕಾಲಿಗೆ ಚುರ್ ಎನ್ನುವ ಸಣ್ಣ ಶಾಕ್ ಕೊಟ್ಟು, ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆಂದು ಅಳೆದರು. ಆರೋಗ್ಯವಂತರ ಕಾಲಿನ ನರದಲ್ಲಿ ಅದು ಸೆಕೆಂಡಿಗೆ 40-50 ಮೀಟರ್ ಓಡುತ್ತದಂತೆ. ನನ್ನದು ಸ್ಲೋ ಲೋಕಲ್!

ಮೈಯೊಳಗೆ ಕರೆಂಟು ಎಲ್ಲಿಂದ ಬಂತು ಎಂದು ಓದುತ್ತ ಹೋದಾಗ ನನಗೆ ಸಿಕ್ಕಿದವರು ಒಬೇದ್ ಸಿದ್ದಿಕಿ. ನಲವತ್ತು ವರ್ಷ ಮುಂಬಯಿಯಲ್ಲಿದ್ದೂ ಈ ಹೆಸರು ನನಗೆ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿಯಲ್ಲಿ. ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪೊಂಟೆಕೊರ್ವೊ ಅವರ ಬಳಿ ಡಾಕ್ಟರೇಟ್ ಮಾಡಿ, ಅಮೆರಿಕಕ್ಕೆ ಹೋದರು. ಅಲ್ಲಿ ಇವರನ್ನು ಕಂಡ ಭೌತವಿಜ್ಞಾನಿ ಲಿಯೋ ಸಿಲಾರ್ಡ್, ಹೋಮಿ ಭಾಭಾ ಅವರಿಗೆ ಶಿಫಾರಸು ಮಾಡಿದರು. ಭಾಭಾ ಕರೆದರು. ಹೀಗೆ 1962ರಲ್ಲಿ ಕೊಲಾಬಾದ ತುದಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಗಣಿತ-ಭೌತವಿಜ್ಞಾನಗಳ ನಡುವೆ, ಜೀವವಿಜ್ಞಾನದ ಒಂದು ಪುಟ್ಟ ವಿಭಾಗ ಶುರುವಾಯಿತು.

ಎಪ್ಪತ್ತರ ದಶಕದಲ್ಲಿ ಸಿದ್ದಿಕಿ ನೊಣ ಹಿಡಿದರು. ನಮ್ಮ ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿಗೆ ಮುತ್ತುತ್ತದಲ್ಲ, ಅದೇ ಹಣ್ಣಿನ ನೊಣ. ಅದರಲ್ಲೊಂದು ವಿಚಿತ್ರ ತಳಿಯಿತ್ತು. ತಂಪಿನಲ್ಲಿ ಹಾಯಾಗಿ ಓಡಾಡುತ್ತದೆ. 29 ಡಿಗ್ರಿ ಆಯಿತೋ, ದೊಪ್ಪನೆ ಬೀಳುತ್ತದೆ. ತಣಿಸಿದರೆ ಎದ್ದು ಓಡುತ್ತದೆ. (ಮುಂಬಯಿಯ ಏಪ್ರಿಲ್‌ನಲ್ಲಿ ಆ ನೊಣದ ಗತಿ ಯೋಚಿಸಿ!) ಕ್ಯಾಲಿಫೋರ್ನಿಯಾದ ಸೀಮೋರ್ ಬೆಂಜರ್ ಜೊತೆ ಸಿದ್ದಿಕಿ ಇಂಥ ನೊಣಗಳನ್ನು ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಬಿಸಿಯಲ್ಲೂ ಸ್ನಾಯು ಚೆನ್ನಾಗಿಯೇ ಇತ್ತು, ನೇರವಾಗಿ ಶಾಕ್ ಕೊಟ್ಟರೆ ಮಿಡಿಯುತ್ತಿತ್ತು. ನರದಲ್ಲಿ ಸಂದೇಶ ಮಾತ್ರ ಸಾಗುತ್ತಿರಲಿಲ್ಲ.

ಏಕೆ? ನರದ ಎಳೆಯ ಒಳಗೆ, ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಹೊರಗೆ ಸೋಡಿಯಂ ಕಾದು ನಿಂತಿರುತ್ತದೆ, ದಾದರ್ ಪ್ಲಾಟ್‌ಫಾರ್ಮಿನ ಜನರ ಹಾಗೆ. ಪ್ರಚೋದನೆ ಬಂದಾಗ ಎಳೆಯ ಪೊರೆಯಲ್ಲಿನ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ವೋಲ್ಟೇಜು ತಿರುವುಮುರುವಾಗುತ್ತದೆ. ಅದರಿಂದ ಪಕ್ಕದ ಬಾಗಿಲು, ಅದರಿಂದ ಮತ್ತೊಂದು. ಬೆನ್ನಿಗೇ ಪೊಟ್ಯಾಸಿಯಂ ಹೊರಹೋಗಿ ಎಲ್ಲ ಮೊದಲಿನಂತಾಗುತ್ತದೆ. ಒಂದು ಜಾಗದಲ್ಲಿ ಇಷ್ಟೆಲ್ಲ ನಡೆಯಲು ಒಂದೆರಡು ಮಿಲಿಸೆಕೆಂಡು ಸಾಕು. ತಂತಿಯ ಕರೆಂಟಿನಂತೆ ಇದು ದೂರ ಹೋದಷ್ಟೂ ಕುಗ್ಗುವುದಿಲ್ಲ, ಹೆಜ್ಜೆಹೆಜ್ಜೆಗೂ ಹೊಸದಾಗಿ ಹುಟ್ಟುತ್ತದೆ. ಹಾಜ್ಕಿನ್ ಮತ್ತು ಹಕ್ಸ್‌ಲಿ ಇದನ್ನು 1952ರಲ್ಲೇ ವಿವರಿಸಿದ್ದರು. ಅವರಿಗೆ ನೆರವಾದದ್ದು ನಮ್ಮ ಕರಾವಳಿಯವರ ಬೊಂಡಾಸಿನ ದಪ್ಪ ನರ.

ನೊಣದಲ್ಲಿ ಕೆಟ್ಟಿದ್ದು ಆ ಸೋಡಿಯಂ ಬಾಗಿಲೇ ಎಂದು ಅಮೆರಿಕದ ವಿಜ್ಞಾನಿಗಳು 1989ರಲ್ಲಿ ಖಚಿತಪಡಿಸಿದರು.

ಸಿದ್ದಿಕಿ ಅವರ ಶಿಷ್ಯೆಯ ಬಗ್ಗೆ ಹೇಳದಿದ್ದರೆ ನಮ್ಮ ಮಹಿಳಾ ವಿಭಾಗದಲ್ಲಿ ನನಗೆ ಉಳಿಗಾಲವಿಲ್ಲ. ವೆರೋನಿಕಾ ರೊಡ್ರಿಗಸ್ ಕೆನ್ಯಾದಲ್ಲಿ ಬೆಳೆದ ಗೋವಾ ಮೂಲದ ಹುಡುಗಿ, ಡಬ್ಲಿನ್‌ನಲ್ಲಿ ಓದಿದವರು. ಸಿದ್ದಿಕಿ ಅವರ ಬಳಿ ಸಂಶೋಧನೆ ಮಾಡಬೇಕೆಂದೇ ಮುಂಬಯಿಗೆ ಬಂದರು. ನೊಣ ವಾಸನೆ, ರುಚಿಗಳನ್ನು ಹೇಗೆ ಅರಿಯುತ್ತದೆಂಬ ಇಬ್ಬರ ಕೆಲಸ ಜಗತ್ತಿನಲ್ಲೇ ಹೆಸರಾಯಿತು. ವೆರೋನಿಕಾ 2010ರಲ್ಲಿ, ಗುರುವಿಗಿಂತ ಮೊದಲೇ ತೀರಿಕೊಂಡರು.

ಅರವತ್ತರ ಹತ್ತಿರ, ಎಲ್ಲರೂ ನಿವೃತ್ತಿಯ ಲೆಕ್ಕ ಹಾಕುವಾಗ, ಸಿದ್ದಿಕಿ ನಮ್ಮ ಬೆಂಗಳೂರಿಗೆ ಹೋಗಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕಟ್ಟಿದರು. 2006ರಲ್ಲಿ ಪದ್ಮವಿಭೂಷಣ ಬಂತು. ಸರೋದ್ ನುಡಿಸುತ್ತಿದ್ದರು. ಎಂಬತ್ತು ದಾಟಿದ ಮೇಲೂ ಪ್ರಯೋಗಾಲಯ ಬಿಡಲಿಲ್ಲ. 2013ರ ಜುಲೈಯಲ್ಲಿ ಬೆಂಗಳೂರಿನ ರಸ್ತೆಯಲ್ಲಿ ದ್ವಿಚಕ್ರ ವಾಹನ ಬಡಿದು ತಲೆಗೆ ಪೆಟ್ಟಾಯಿತು. ಕೆಲವೇ ದಿನಗಳಲ್ಲಿ ಹೊರಟುಹೋದರು.

ನನ್ನ ಪಾದ ಇನ್ನೂ ಪೂರ್ತಿ ಎಚ್ಚರಾಗಿಲ್ಲ. ಸ್ನಾನದ ನೀರಿನ ಬಿಸಿಯನ್ನು ಈಗ ಮೊಣಕೈ ಅದ್ದಿ ನೋಡುತ್ತೇನೆ. ಬಾಳೆಹಣ್ಣಿನ ಮೇಲೆ ನೊಣ ಕೂತರೆ ಮೊದಲಿನಂತೆ ತಕ್ಷಣ ಓಡಿಸುವುದಿಲ್ಲ, ಸ್ವಲ್ಪ ಹೊತ್ತು ನೋಡುತ್ತೇನೆ.