ಕಾರ್ಮಿಕಬಂಧು ಬಿ.ಪಿ. ವಾಡಿಯಾ

ವಿಜಯಪುರ, ತಿಕೋಟಾ, ಬಬಲೇಶ್ವರಗಳಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳು ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯನ್ನು ಬಲ್ಲರು. ಆ ಹೆಸರಿನ ಮಹನೀಯರು ದುಡಿಯುವವರಿಗಾಗಿ ತೆತ್ತ ಬೆಲೆಯನ್ನು ಬಲ್ಲವರು ವಿರಳ.

ಬಹಮನ್ ಪೇಸ್ತನ್‌ಜಿ ವಾಡಿಯಾ ಅವರು 1881ರಲ್ಲಿ ಮುಂಬಯಿಯ ಪಾರ್ಸಿ ಮನೆತನದಲ್ಲಿ ಜನಿಸಿದರು. ಥಿಯಾಸಫಿಗೆ ಒಲಿದು ಮದರಾಸಿನ ಅಡ್ಯಾರನ್ನು ಸೇರಿದರು. 1917ರಲ್ಲಿ ಆನಿ ಬೆಸೆಂಟರೊಡನೆ ಸ್ಥಾನಬಂಧನಕ್ಕೊಳಗಾದರು. ಪೆರಂಬೂರಿನ ಬಟ್ಟೆಗಿರಣಿಗಳ ಕೆಲಸಗಾರರು ಊಟಕ್ಕೆ ಸಾಲದ ಬಿಡುವು, ಮೇಲಿನವರ ದಬ್ಬಾಳಿಕೆ ಇವುಗಳಿಂದ ನೊಂದಿದ್ದರು. 1918ರ ಏಪ್ರಿಲ್ 27ರಂದು ಮದರಾಸು ಕಾರ್ಮಿಕ ಸಂಘವು ಉದಯಿಸಿತು. ವಾಡಿಯಾ ಅದರ ಅಧ್ಯಕ್ಷರಾದರು.

ಆಗ ಇಂತಹ ಸಂಘಗಳಿಗೆ ಕಾನೂನಿನ ಆಸರೆಯೇ ಇರಲಿಲ್ಲ. 1920ರ ವಿವಾದದಲ್ಲಿ ಗಿರಣಿಯ ಒಡೆಯರಾದ ಬಿನ್ನಿ ಕಂಪನಿಯವರು, ಕೆಲಸದ ಕರಾರನ್ನು ಮುರಿಯಲು ಪ್ರೇರೇಪಿಸಿದರೆಂದು ವಾಡಿಯಾ ಮೊದಲಾದವರ ಮೇಲೆ ಮದರಾಸು ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿ ತಡೆಯಾಜ್ಞೆ ತಂದರು. ಒಂದುಗೂಡಿದ್ದೇ ಅಪರಾಧವಾದಂತಾಯಿತು! ಕೊನೆಗೆ ವಾಡಿಯಾ ಸಂಘದ ಸಂಬಂಧವನ್ನು ಕಡಿದುಕೊಂಡ ಮೇಲೆಯೇ ದಾವೆ ನಿಂತಿತು. ತಾವು ಕಟ್ಟಿದ ಮನೆಯಿಂದ ತಾವೇ ಹೊರನಡೆದುದನ್ನು ಸೋಲೆನ್ನುವವರುಂಟು. ನನಗೆ ಹಾಗೆ ತೋರದು. ಆ ಮೊಕದ್ದಮೆಯೇ ದೇಶದ ಕಣ್ಣು ತೆರೆಯಿಸಿತು. 1921ರ ಮಾರ್ಚಿನಲ್ಲಿ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗಾಗಿ ನಿರ್ಣಯ ಮಂಡಿಸಿದರು. 1926ರ ಕಾಯಿದೆಯು ನೋಂದಾಯಿತ ಸಂಘದವರನ್ನು ಅಂತಹ ದಾವೆಗಳಿಂದ ಕಾಪಾಡಿತು. ಸಂಘ ಸೇರಿದ ತಪ್ಪಿಗೆ ಬಡವನನ್ನು ಕೆಲಸದಿಂದ ತೆಗೆಯುವುದನ್ನು ಮಾತ್ರ ಅದು ತಡೆಯಲಿಲ್ಲ. ಆ ಕೊರತೆ ಬಹುಕಾಲ ಉಳಿಯಿತು. ಅದನ್ನು ಅನುಚಿತ ಪದ್ಧತಿಯೆಂದು ಕೈಗಾರಿಕಾ ವಿವಾದ ಕಾಯಿದೆಯಲ್ಲಿ ನಿಷೇಧಿಸಿದ್ದು 1982ರ ತಿದ್ದುಪಡಿ.

ಮುಂದೆ ವಾಡಿಯಾ ಬೆಂಗಳೂರಿನಲ್ಲಿ ನೆಲೆಸಿ, 1945ರಲ್ಲಿ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಸ್ಥಾಪಿಸಿದರು. 1958ರ ಆಗಸ್ಟಿನಲ್ಲಿ ಅದೇ ಊರಿನಲ್ಲಿ ನಿಧನರಾದರು.