ಕಸುಬಿಗೆ ಗೌರವ ತಂದ ಸಂತ ಜಾನ್ ಬಾಸ್ಕೊ

ಬಡ ಮಕ್ಕಳಿಗೆ ಒಂದು ಹೊತ್ತಿನ ಅನ್ನವಿಕ್ಕಿದವರು ಅನೇಕರು. ಆ ಮಕ್ಕಳು ಬಾಳಿನುದ್ದಕ್ಕೂ ತಮ್ಮ ಅನ್ನವನ್ನು ತಾವೇ ದುಡಿದು ಉಣ್ಣುವಂತೆ ಮಾಡಿದವರು ವಿರಳ. ಅಂಥವರಲ್ಲಿ ಅಗ್ರಗಣ್ಯರು ಸಂತ ಜಾನ್ ಬಾಸ್ಕೊ.

ಇಟಲಿಯ ಪಿಯೆಡ್ಮಾಂಟ್ ಸೀಮೆಯ ಬೆಕ್ಕಿ ಎಂಬ ಕುಗ್ರಾಮದಲ್ಲಿ 1815ರ ಆಗಸ್ಟ್ 16ರಂದು ಅವರ ಜನನ. ಎರಡು ವರ್ಷ ತುಂಬುವ ಮೊದಲೇ ತಂದೆ ಗತಿಸಿದರು. ಮಗನನ್ನು ಓದಿಸಬೇಕೆಂಬುದು ತಾಯಿ ಮಾರ್ಗರೀಟಳ ಹಂಬಲ. ಹೊಲ ಬಿಟ್ಟು ಪುಸ್ತಕ ಹಿಡಿದವನ ಮೇಲೆ ಮಲಅಣ್ಣನಿಗೆ ಮುನಿಸು. ಬಾಲಕನು ಮನೆ ತೊರೆದು ಪರರ ಹೊಲದಲ್ಲಿ ಆಳಾಗಿ ದುಡಿಯಬೇಕಾಯಿತು. ಮುಂದೆ ಕಿಯೇರಿ ಪಟ್ಟಣದಲ್ಲಿ ಕಾಫಿ ಅಂಗಡಿಯ ಕೆಲಸ ಮಾಡಿಕೊಂಡು ಓದಿದನು. ಹೊಲಿಗೆಯನ್ನೂ ಕಲಿತಿದ್ದನು. 1841ರ ಜೂನ್ 5ರಂದು ಗುರುದೀಕ್ಷೆ ಲಭಿಸಿತು.

ಟ್ಯೂರಿನ್ ನಗರದ ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು ಈ ನವಗುರುವಿನ ಹೃದಯ ಕರಗಿತು. ಬಿಡುಗಡೆಯಾದವರು ಮರಳಿ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರಿಗೆ ಆಸರೆಯಿರಲಿಲ್ಲ, ಕೈಯಲ್ಲಿ ಕಸುಬಿರಲಿಲ್ಲ. 1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ಒಂದು ಜೋಪಡಿಯನ್ನು ಬಾಡಿಗೆಗೆ ಪಡೆದು ಅಂಥ ಹುಡುಗರನ್ನು ಸೇರಿಸಿದರು. ಹಗಲು ದುಡಿಯುವವರಿಗೆ ರಾತ್ರಿ ಶಾಲೆ ನಡೆಸಿದರು. ಹೊಸ ಮೆಟ್ರಿಕ್ ಅಳತೆ ಜಾರಿಗೆ ಬರಲಿದ್ದಾಗ, ಕೂಲಿಕಾರರು ಲೆಕ್ಕದಲ್ಲಿ ಮೋಸಹೋಗಬಾರದೆಂದು 1849ರಲ್ಲಿ ಅದರ ಬಗ್ಗೆ ಸರಳ ಪುಸ್ತಕವನ್ನೇ ಬರೆದರು.

ಕೆಲಸ ಕಲಿಯಲು ಹೋದ ಹುಡುಗರನ್ನು ಯಜಮಾನರು ಮನೆಯಾಳುಗಳಂತೆ ದುಡಿಸಿಕೊಳ್ಳುವುದಿತ್ತು. ಬಾಸ್ಕೊ ಸ್ವಾಮಿಗಳು ಅವರಿಂದ ಲಿಖಿತ ಕರಾರು ಮಾಡಿಸಿಕೊಂಡರು. ಜೋಸೆಫ್ ಒದಾಸ್ಸೊ ಎಂಬ ಹುಡುಗನಿಗಾಗಿ ಬಡಗಿಯೊಬ್ಬನೊಡನೆ 1852ರ ಫೆಬ್ರವರಿಯಲ್ಲಿ ಆದ ಛಾಪಾಕಾಗದದ ಕರಾರು ಇಂದಿಗೂ ಪ್ರಸಿದ್ಧ. ಕಸುಬನ್ನು ಪೂರ್ಣವಾಗಿ ಕಲಿಸಬೇಕು. ತಿದ್ದುವುದು ಮಾತಿನಿಂದಲೇ ಹೊರತು ಹೊಡೆತದಿಂದಲ್ಲ. ಹಬ್ಬದ ದಿನ ಬಿಡುವು. ವರ್ಷ ವರ್ಷಕ್ಕೂ ಹೆಚ್ಚುವ ಕೂಲಿ. ಈ ಕರಾರಿಗೆ ಗುರುಗಳೂ ಸಹಿ ಹಾಕಿದರು.

1853ರಿಂದ ಹೊಲಿಗೆ, ಚಮ್ಮಾರಿಕೆ, ಪುಸ್ತಕ ಕಟ್ಟುವಿಕೆ, ಬಡಗಿತನ, ಮುದ್ರಣ, ಕಮ್ಮಾರಿಕೆಗಳ ಕಾರ್ಯಾಗಾರಗಳು ಒಂದೊಂದಾಗಿ ವಾಲ್ದೊಕ್ಕೊದಲ್ಲೇ ತಲೆಯೆತ್ತಿದವು. ಈ ಸೇವೆ ಮುಂದುವರಿಯಲೆಂದು 1859ರಲ್ಲಿ ಸಲೇಶಿಯನ್ ಸಭೆಯನ್ನು ಸ್ಥಾಪಿಸಿದರು. ಕುಶಲಕರ್ಮಿಗೆ ಧರ್ಮಬೋಧೆ, ಅಕ್ಷರಜ್ಞಾನ, ಕಸುಬು ಮೂರೂ ದೊರೆಯಬೇಕೆಂದು 1886ರಲ್ಲಿ ಆ ಸಭೆ ನಿಯಮಿಸಿತು.

1888ರ ಜನವರಿ 31ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. 1934ರ ಈಸ್ಟರ್ ಹಬ್ಬದಂದು ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಪ್ರಿಯ ಬಾಂಧವರೇ, ಕಾಲೇಜಿನ ಮೆಟ್ಟಿಲೇರಲಾಗದ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಹಳಿಯಬೇಡಿ. ಆ ಕೈಗಳಿಗೆ ಒಂದು ಕಸುಬನ್ನೂ, ಅದನ್ನು ಬಲ್ಲೆನೆಂದು ತೋರುವ ಒಂದು ಪ್ರಮಾಣಪತ್ರವನ್ನೂ ದೊರಕಿಸಿಕೊಡಿ. ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದ ಪ್ರಭು ಆ ಕೈಗಳನ್ನು ಹರಸುವರು.