ಓಲೆಗರಿಯ ಮುಂದೆ ಶಾಮಶಾಸ್ತ್ರಿಗಳು

ಸಂಶೋಧನೆಯ ಹಾದಿಯಲ್ಲಿ ಹತ್ತು ಹದಿನೈದು ವರ್ಷ ನಡೆದವರನ್ನು ಒಂದು ಸಂಕಟ ಕಾಡುವುದುಂಟು. ಮಾಡುತ್ತಿರುವ ಕೆಲಸವೆಲ್ಲ ಬರಿಯ ಗುಮಾಸ್ತಿಕೆಯಾಗಿ ತೋರುತ್ತದೆ. ಕೀರ್ತಿ ತರುವ ವಿಷಯ ಬೇರೆಲ್ಲಿಯೋ ಇದೆಯೆನಿಸುತ್ತದೆ. ಕೈಯಲ್ಲಿರುವುದನ್ನು ಪ್ರಕಟಿಸೋಣವೆಂದರೆ ಅದು ಅಪೂರ್ಣವೆಂಬ ಅಳುಕು. ಅಂಥವರು ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳ ಜೀವನವನ್ನು ಒಮ್ಮೆ ಅವಲೋಕಿಸಬೇಕು.

ಕಾವೇರಿಯ ದಡದ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಶಾಸ್ತ್ರಿಗಳು ಮೈಸೂರಿನಲ್ಲಿ ಸಂಸ್ಕೃತ ವಿದ್ವತ್ತನ್ನು ಗಳಿಸಿದರು. 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಅವರಿಗೆ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರ ಹುದ್ದೆ ದೊರೆಯಿತು. ಬಂದ ಓಲೆಗರಿಗಳನ್ನು ಪರಿಶೀಲಿಸುವುದು, ಪಟ್ಟಿ ಮಾಡುವುದು, ಪ್ರತಿ ತೆಗೆಯುವುದು—ಹೊರನೋಟಕ್ಕೆ ಇದರಲ್ಲಿ ವೈಭವವೇನೂ ಇರಲಿಲ್ಲ. ಆದರೆ ಯಾವ ಗರಿ ಯಾವ ಗ್ರಂಥದ್ದೆಂದು ಗುರುತಿಸುವ ಕಣ್ಣು ಬಲಿತದ್ದು ಈ ಕೆಲಸದಿಂದಲೇ.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ಆ ಗ್ರಂಥಾಲಯಕ್ಕೆ ಒಪ್ಪಿಸಿದ್ದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ಬೇರೆ ಗ್ರಂಥಗಳ ಉಲ್ಲೇಖಗಳಿಂದ ಹೆಸರು ಮಾತ್ರ ತಿಳಿದಿದ್ದ, ನಷ್ಟವಾಯಿತೆಂದೇ ವಿದ್ವಾಂಸರು ಭಾವಿಸಿದ್ದ ಕೃತಿ. ಶಾಸ್ತ್ರಿಗಳಿಗೆ ಆಗ ವಯಸ್ಸು ಮೂವತ್ತೇಳರ ಸುಮಾರು.

ಪರೀಕ್ಷೆ ಆರಂಭವಾದದ್ದು ಇಲ್ಲಿ. ಆಧಾರವಾಗಿ ಇದ್ದದ್ದು ಆ ಒಂದೇ ಪ್ರತಿ, ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕು. ಹದಿನೈದು ಅಧಿಕರಣಗಳ ಈ ಗ್ರಂಥದಲ್ಲಿ ಸುಂಕ, ಗಣಿ, ತೂಕ, ಗೂಢಚಾರರೆಂದು ಮರೆತುಹೋದ ಪರಿಭಾಷೆಯೇ ತುಂಬಿತ್ತು. ಇನ್ನೊಂದು ಪ್ರತಿ ಸಿಕ್ಕಲೆಂದು ಕಾದು ಕುಳಿತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಶಾಸ್ತ್ರಿಗಳು 1905ರಿಂದಲೇ ಅನುವಾದದ ಭಾಗಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಕನ್ನಡ ನಾಡಿನ ಇತಿಹಾಸಕ್ಕಾಗಿ ದುಡಿದ ಜೆ.ಎಫ್. ಫ್ಲೀಟ್ ಅದಕ್ಕೆ ಪ್ರಸ್ತಾವನೆ ಬರೆದರು.

ವಾದಗಳು ಎದ್ದವು. ಗ್ರಂಥವು ಮೌರ್ಯರ ಕಾಲದ್ದೆಂದು ಜರ್ಮನಿಯ ಯಾಕೋಬಿ ಎತ್ತಿಹಿಡಿದರೆ ಯೋಲಿ, ವಿಂಟರ್ನಿಟ್ಸ್ ಮೊದಲಾದವರು ಸಂಶಯಿಸಿದರು; ಕಾಲನಿರ್ಣಯದ ಆ ಚರ್ಚೆ ಇಂದಿಗೂ ಮುಗಿದಿಲ್ಲ. ಮುಂದೆ ಬೇರೆ ಪ್ರತಿಗಳು ದೊರೆತವು. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ವ್ಯಾಖ್ಯಾನಸಹಿತ ಆವೃತ್ತಿ ತಂದರು. 1960ರಿಂದ 1965ರವರೆಗೆ ಕಾಂಗ್ಲೆಯವರ ಆವೃತ್ತಿ ಮೂರು ಭಾಗಗಳಲ್ಲಿ ಹೊರಬಂತು. ಮೊದಲ ಮುದ್ರಣದ ಅನೇಕ ಪಾಠಗಳು ತಿದ್ದುಪಡಿಗೆ ಒಳಗಾದವು. ಇದರಿಂದ ಶಾಸ್ತ್ರಿಗಳ ಹಿರಿಮೆ ಕುಗ್ಗಲಿಲ್ಲ; ತಿದ್ದಲು ಒಂದು ಪಾಠ ಮುಂದಿದ್ದುದರಿಂದಲ್ಲವೇ ತಿದ್ದುವುದು ಸಾಧ್ಯವಾದದ್ದು?

ಕೀರ್ತಿ ಬಂದ ಮೇಲೂ ಶಾಸ್ತ್ರಿಗಳು ದುಡಿಮೆ ಬಿಡಲಿಲ್ಲ. ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಪ್ರಾಂಶುಪಾಲರಾದರು, 1922ರಲ್ಲಿ ಆರ್. ನರಸಿಂಹಾಚಾರ್ಯರ ತರುವಾಯ ಮೈಸೂರು ಪುರಾತತ್ತ್ವ ಇಲಾಖೆಯ ಹೊಣೆ ಹೊತ್ತರು. 1944ರಲ್ಲಿ ತೀರಿಕೊಂಡರು.

ಕೈಗೆ ಬಂದ ಕೆಲಸವನ್ನು ಕೀಳೆಂದು ತಳ್ಳದಿರುವುದು, ತಿಳಿದಷ್ಟನ್ನು ಕಾಲ ಮೀರದೆ ಲೋಕದ ಮುಂದಿಡುವುದು, ತಿದ್ದುವವರಿಗೆ ಎಡೆಗೊಡುವುದು—ತರುಣ ಸಂಶೋಧಕರು ಈ ಬಾಳಿನಿಂದ ಕಲಿಯಬಹುದಾದ ಪಾಠವಿದು.